ಕುದುರೆ ಹತ್ತಿದ ಘಾಟ್, ಅದಿರು ಇಳಿದ ಘಾಟ್

ರಜೆ ಬಂತಂದ್ರೆ ನಮ್ಮ ಹೊಸಪೇಟೆ, ಕಂಪ್ಲಿ ಕಡೆಯವರು ಸಮುದ್ರ ನೋಡೋಕೆ ಗೋವಾಕ್ಕೋ ಗೋಕರ್ಣಕ್ಕೋ ಹೊರಡ್ತಾರೆ. ಮೊದಲ ಸಲ ಹೋಗೋರಿಗೆ ನಾನು ಹೇಳೋದು ಅಂಕೋಲಾ, ಅದರ ಪಕ್ಕದ ಬೇಲೆಕೇರಿ. ಮೀನುಗಾರರ ದೋಣಿ, ತೆಂಗಿನ ಮರ, ಗದ್ದಲವಿಲ್ಲದ ಊರು. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದರೆ ಬಂತು. ಹೊಸಪೇಟೆ ಮೇಲೆ ಹಾದುಹೋಗ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 63ರ ಒಂದು ತುದಿ ಅಂಕೋಲಾನೇ. ಆದರೆ ನಮಗೂ ಆ ಕರಾವಳಿಗೂ ಇರೋ ನಂಟು ಹೆದ್ದಾರಿಗಿಂತ ಬಹಳ ಹಳೇದು.

ಹಂಪಿಯ ಹಜಾರ ರಾಮನ ಗುಡಿಯ ಹೊರಗೋಡೆ ನೋಡಿ, ಸಾಲು ಸಾಲು ಕುದುರೆ. ಯುದ್ಧಕ್ಕೆ ಬೇಕಾದ ಒಳ್ಳೆ ತಳಿ ನಮ್ಮಲ್ಲಿ ಸಿಗ್ತಿರಲಿಲ್ಲ. ಅರಬ್, ಪರ್ಷಿಯಾ ಕಡೆಯಿಂದ ಹೋರ್ಮುಜ್ ಮೂಲಕ ಹಡಗಿನಲ್ಲಿ ಭಟ್ಕಳ, ಹೊನ್ನಾವರ, ಗೋವಾಕ್ಕೆ ಬಂದು, ಅಲ್ಲಿಂದ ಘಾಟ್ ಹತ್ತಬೇಕಿತ್ತು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಕುದುರೆ ಹಡಗುಗಳೆಲ್ಲ ತಮ್ಮ ಬಂದರಿಗೇ ಬರಬೇಕು ಅಂತ ಪಟ್ಟು ಹಿಡಿದರು. ಅವರು ಬಿಜಾಪುರಕ್ಕೂ ಮಾರಬಹುದಿತ್ತು, ಭಯ ಇದ್ದದ್ದೇ ಅಲ್ಲಿ.

ಹಾಗಾಗಿ 1547ರಲ್ಲಿ ಒಂದು ಒಪ್ಪಂದ ಆಯ್ತು. ಪಟ್ಟದ ಮೇಲಿದ್ದವನು ಸದಾಶಿವರಾಯ, ಅಧಿಕಾರ ಅಳಿಯ ರಾಮರಾಯನ ಕೈಲಿ. ಆ ಕಡೆ ಗವರ್ನರ್ ಜೊವಾವ್ ದ ಕಾಸ್ಟ್ರೊ. ಗೋವಾದ ಕುದುರೆ ವಿಜಯನಗರಕ್ಕೆ, ಬಿಜಾಪುರಕ್ಕಿಲ್ಲ. ಬದಲಿಗೆ ನಮ್ಮ ವ್ಯಾಪಾರಿಗಳು ಸರಕನ್ನ ಅಂಕೋಲಾ, ಹೊನ್ನಾವರಕ್ಕೇ ತರಬೇಕು. ಕಬ್ಬಿಣ, ಪೆಟ್ಲುಪ್ಪು ಪೋರ್ಚುಗೀಸರಿಗೇ ಕೊಡಬೇಕು. ಇತಿಹಾಸದ ಪುಸ್ತಕ ಇದನ್ನ ಸ್ನೇಹ ಅನ್ನುತ್ತೆ. ಬಿಕಾಂ ಓದಿದ ನನಗೆ ಕಾಣೋದು ಎರಡು ಮೊನೊಪಲಿ. 1565ರ ತಾಳಿಕೋಟೆ ಯುದ್ಧದ ನಂತರ ಹಂಪಿ ಹಾಳಾಯ್ತು, ಗೋವಾದ ಕುದುರೆ ವ್ಯಾಪಾರಿಗಳಿಗೆ ದೊಡ್ಡ ಗಿರಾಕಿ ತಪ್ಪಿತು.

ಕಬ್ಬಿಣದ ದಾರಿ ಮಾತ್ರ ಮತ್ತೆ ತೆರೀತು. 2000ರ ನಂತರ ಚೀನಾದಲ್ಲಿ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆ ಕಡೆಯ ಲಾರಿಗಳು ಘಾಟ್ ಇಳಿದು ನಿಂತದ್ದು ಎಲ್ಲಿ? ಅಂಕೋಲಾ ತಾಲ್ಲೂಕಿನ ಇದೇ ಬೇಲೆಕೇರಿಯಲ್ಲಿ. 2010ರಲ್ಲಿ ಅರಣ್ಯ ಇಲಾಖೆ ಅಲ್ಲಿ ಸುಮಾರು 8 ಲಕ್ಷ ಟನ್ ಅದಿರು ಜಪ್ತಿ ಮಾಡಿತು. ಜಪ್ತಿಯಾದ ರಾಶಿಯಿಂದಲೇ ಲಕ್ಷಗಟ್ಟಲೆ ಟನ್ ಹಡಗು ಹತ್ತಿ ಹೋಯ್ತು! ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ಜುಲೈ ವರದಿ ಬಂದಾಗ ರಾಜ್ಯ ಸರ್ಕಾರವೇ ಅಲುಗಾಡಿತು. 1547ರಲ್ಲಿ ಕಬ್ಬಿಣ ಕೊಟ್ಟರೆ ಬದಲಿಗೆ ಏನು ಬರುತ್ತೆ ಅನ್ನೋದಾದ್ರೂ ಕಾಗದದಲ್ಲಿತ್ತು. ಸಂಡೂರಿನ ಗುಡ್ಡಕ್ಕೆ ಬದಲಾಗಿ ಆ ಊರಿಗೆ ಬಂದದ್ದು ಕೆಂಪು ಧೂಳು.

ಬೇಲೆಕೇರಿಗೆ ಹೋದರೆ ಬಂದರಿನ ಕಡೆಗೂ ಒಂದು ಸುತ್ತು ಹಾಕಿ ಬನ್ನಿ. ಆ ವರ್ಷಗಳಲ್ಲಿ ಅದಿರು ಲಾರಿ ಓಡಿಸಿದವರು ನಿಮ್ಮ ಮನೇಲಿದ್ದರೆ ಒಂದು ವಾಯ್ಸ್ ಮೆಸೇಜ್ ಕಳಿಸೋಕೆ ಹೇಳಿ. ಮುಂದಿನ ಕಂತಿನಲ್ಲಿ ಅವರ ಮಾತನ್ನೇ ಕೇಳೋಣ.