ಕರೆನ್ಸಿ ಹೋಯಿತು, ವ್ಯಾಲಿಡಿಟಿ ಬಂತು: ನಮ್ಮ ನೆಟ್ ಪ್ಯಾಕ್ ಹುಟ್ಟಿದ ಕಥೆ

ಮೊದಲ ಸಲ ಟಚ್ ಫೋನ್ ತಗೊಂಡವರು ರೀಚಾರ್ಜ್ ಅಂಗಡಿಗೆ ಹೋದರೆ ಅಂಗಡಿಯವರು ಒಂದೇ ಉಸಿರಿಗೆ ಹೇಳುವ ಪಟ್ಟಿ ಹೀಗಿರುತ್ತದೆ: ದಿನಕ್ಕೆ ಒಂದೂವರೆ ಜಿಬಿ, 28 ದಿನ, ಎರಡು ಜಿಬಿ, 28 ದಿನ, ಬೇಡ ಅಂದ್ರೆ 56 ದಿನ, 84 ದಿನ. ಯಾವ ಪಂಚಾಂಗದಲ್ಲೂ 28 ದಿನದ ತಿಂಗಳು ಸಾಲಾಗಿ ಬರುವುದಿಲ್ಲ. ಸಂಬಳ, ಬಾಡಿಗೆ, ಕರೆಂಟ್ ಬಿಲ್, ಸಂಘದ ಕಂತು ಎಲ್ಲಕ್ಕೂ ತಿಂಗಳಿದೆ. ಮೊಬೈಲಿಗೆ ಮಾತ್ರ ಬೇರೆ ಲೆಕ್ಕ. ಈ ಲೆಕ್ಕ ಎಲ್ಲಿಂದ ಬಂತು ಅಂತ ತಿಳಿದರೆ, ಅಂಗಡಿಯ ಮುಂದೆ ನಿಂತಾಗ ಏನು ಕೇಳಬೇಕು ಅನ್ನುವುದೂ ತಿಳಿಯುತ್ತದೆ.

ಹಳ್ಳಿಗೆ ಫೋನ್ ಬಂದ ಕಥೆಯಲ್ಲಿ ನಮ್ಮ ರಾಜ್ಯಕ್ಕೂ ಒಂದು ಜಾಗವಿದೆ. ಸಿ-ಡಾಟ್ ಸಂಸ್ಥೆ ನಮ್ಮ ದೂಳು, ಬಿಸಿಲು ತಡೆದುಕೊಳ್ಳುವಂತೆ ತಯಾರಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಶುರುವಾಗಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಆ ಬಳಿಕ ಎಸ್‌ಟಿಡಿ ಬೂತ್‌ಗಳು ಬಂದವು, ಒಂದು ರೂಪಾಯಿಯ ಕಾಯಿನ್ ಬಾಕ್ಸ್ ಬಂತು. ಅಲ್ಲಿ ವ್ಯವಹಾರ ಸರಳವಾಗಿತ್ತು. ಮಾತಾಡಿದಷ್ಟಕ್ಕೆ ದುಡ್ಡು, ಮಾತಾಡದಿದ್ದರೆ ಇಲ್ಲ.

ಮೊಬೈಲ್ ಬಂದಿದ್ದು 1995ರಲ್ಲಿ. ಆ ವರ್ಷ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತಾದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ ಮಾಡಿದ್ದೇ ದೇಶದ ಮೊದಲ ಮೊಬೈಲ್ ಕರೆ. ಆಗ ನಿಮಿಷಕ್ಕೆ 8 ರೂಪಾಯಿ, ಜನ ಹೆಚ್ಚು ಮಾತಾಡುವ ಹೊತ್ತಿನಲ್ಲಿ 16 ರೂಪಾಯಿ. ಕರೆ ಮಾಡಿದವರಿಗಷ್ಟೇ ಅಲ್ಲ, ಬಂದ ಕರೆ ಎತ್ತಿದವರಿಗೂ ಖರ್ಚು. ನಮ್ಮಲ್ಲಿ ಜೆಟಿಎಂ, ಸ್ಪೈಸ್ ಅನ್ನುವ ಹೆಸರುಗಳನ್ನು ಹಿರಿಯರು ಇನ್ನೂ ನೆನಪಿಟ್ಟಿರಬಹುದು. 2002ರ ಅಕ್ಟೋಬರ್‌ನಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಬಂತು. 2003ರಲ್ಲಿ ಬರುವ ಕರೆ ಉಚಿತವಾಯಿತು. ಹಳ್ಳಿಯವರ ಕೈಗೆ ಮೊಬೈಲ್ ಸೇರಿದ್ದು ಇದರ ನಂತರವೇ. ಕರೆ ಮಾಡುವುದಕ್ಕೆ ದುಡ್ಡಿಲ್ಲದವರೂ ಫೋನ್ ಇಟ್ಟುಕೊಳ್ಳಬಹುದಾಯಿತು. ಮಿಸ್ಡ್ ಕಾಲ್ ಅನ್ನುವ ನಮ್ಮದೇ ಭಾಷೆ ಬೆಳೆದಿದ್ದೂ ಆಗಲೇ. ಒಂದು ರಿಂಗ್ ಅಂದ್ರೆ ಬಸ್ ಹತ್ತಿದೆ, ಎರಡು ರಿಂಗ್ ಅಂದ್ರೆ ಊರು ಮುಟ್ಟಿದೆ.

ಆ ದಿನಗಳಲ್ಲಿ ನಾವು ಬಳಸುತ್ತಿದ್ದ ಮಾತು 'ಕರೆನ್ಸಿ'. ಕರೆನ್ಸಿ ಹಾಕಿಸು, ಕರೆನ್ಸಿ ಖಾಲಿ, ಒಂದು ಹತ್ತು ರೂಪಾಯಿ ಕರೆನ್ಸಿ ಕಳಿಸು. ಈ ಮಾತಿನಲ್ಲಿ ಒಂದು ನಿಜವಿತ್ತು. ಸ್ಕ್ರ್ಯಾಚ್ ಕಾರ್ಡ್ ಉಜ್ಜಿ ಹಾಕಿದ್ದು ನಮ್ಮದೇ ದುಡ್ಡು, ಅದು ಫೋನಿನಲ್ಲಿ ಕೂತಿರುತ್ತಿತ್ತು. ಖರ್ಚು ಮಾಡಿದರೆ ಮಾತ್ರ ಕಡಿಮೆಯಾಗುತ್ತಿತ್ತು. ವ್ಯಾಲಿಡಿಟಿ ಅನ್ನುವುದು ಇತ್ತಾದರೂ 2005ರ ಕೊನೆಗೆ ಅದಕ್ಕೂ ಪರಿಹಾರ ಬಂತು: ಏರ್‌ಟೆಲ್ ಸೇರಿದಂತೆ ಕಂಪನಿಗಳು 'ಲೈಫ್‌ಟೈಮ್' ಸಿಮ್ ತಂದವು. 999 ರೂಪಾಯಿ ಒಮ್ಮೆ ಕೊಟ್ಟರೆ ನಂಬರ್ ಜೀವನಪೂರ್ತಿ ಅಂತ ಹೇಳಿದರು. ಮುಂದೆ ಅದರ ರೇಟು ಇನ್ನೂ ಇಳಿಯಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂದಾಗ ಉಳಿದವರೂ ಅದೇ ದಾರಿ ಹಿಡಿದರು. ಬಡವರ ಮಟ್ಟಿಗೆ ಮೊಬೈಲ್ ಇತಿಹಾಸದ ಒಳ್ಳೆಯ ಕಾಲ ಇದೇ ಅಂತ ನನ್ನ ಅನಿಸಿಕೆ. 10 ರೂಪಾಯಿಗೆ 10 ರೂಪಾಯಿಯಷ್ಟೇ ಸಾಮಾನು ಸಿಗುತ್ತಿತ್ತು, ಆದರೆ 10 ರೂಪಾಯಿಗೂ ಸಾಮಾನು ಸಿಗುತ್ತಿತ್ತು.

ಇಂಟರ್ನೆಟ್ಟಿನ ಕಥೆ ಬೇರೆ. ಕೀಪ್ಯಾಡ್ ಸೆಟ್‌ಗಳಲ್ಲಿ ಜಿಪಿಆರ್‌ಎಸ್ ಇದ್ದ ಕಾಲದಲ್ಲಿ, ಪ್ಯಾಕ್ ಹಾಕಿಸದಿದ್ದರೆ 10 ಕೆಬಿಗೆ 10 ಪೈಸೆ ಅನ್ನುವುದು ಸಾಮಾನ್ಯ ದರವಾಗಿತ್ತು. ಕೇಳಲಿಕ್ಕೆ ಪೈಸೆ. ಲೆಕ್ಕ ಹಾಕಿದರೆ ಒಂದು ಎಂಬಿಗೆ 10 ರೂಪಾಯಿ, ಒಂದು ಜಿಬಿಗೆ 10 ಸಾವಿರ ರೂಪಾಯಿ ದಾಟುತ್ತದೆ. ಬೆರಳು ತಪ್ಪಿ ನೆಟ್ ಬಟನ್ ಒತ್ತಿದರೆ ಕರೆನ್ಸಿ ಹಾರಿಹೋಗುತ್ತಿದ್ದುದು ಇದಕ್ಕೇ. ಹಾಗಾಗಿ ಹಳ್ಳಿಯ ನಿಜವಾದ ಇಂಟರ್ನೆಟ್ ಅಂದರೆ ತಾಲ್ಲೂಕು ಪೇಟೆಯ ಮೊಬೈಲ್ ಅಂಗಡಿಯ ಕಂಪ್ಯೂಟರ್ ಆಗಿತ್ತು. ಮೆಮೊರಿ ಕಾರ್ಡ್ ಕೊಟ್ಟು ಸಿನಿಮಾ ಹಾಡು, ಭಜನೆ, ನಾಟಕ ತುಂಬಿಸಿಕೊಂಡು ಬರುತ್ತಿದ್ದರು. ಇನ್ನೊಂದು ಕಾಟವೂ ಇತ್ತು: ಕೇಳದೆಯೇ ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರ್ ಶುರುವಾಗಿ ದಿನಾ ದುಡ್ಡು ಕಟ್ ಆಗುವುದು. 2013ರಲ್ಲಿ ಟ್ರಾಯ್ ಇಂಥ ಸೇವೆಗೆ ಗ್ರಾಹಕರು ಎರಡು ಸಲ ಒಪ್ಪಿಗೆ ಕೊಡಬೇಕು ಅಂತ ಕಟ್ಟುನಿಟ್ಟು ಮಾಡಿತು. ಅದನ್ನು ನಿಲ್ಲಿಸಲು 155223 ನಂಬರ್ ಇದೆ. ನೆಟ್ ಶುರು ಮಾಡಲು, ನಿಲ್ಲಿಸಲು 1925 ಬಂತು.

2010ರಲ್ಲಿ 3ಜಿ ತರಂಗಗಳ ಹರಾಜಾಯಿತು. ಸರ್ಕಾರಕ್ಕೆ 67 ಸಾವಿರ ಕೋಟಿ ರೂಪಾಯಿಗಿಂತ ಹೆಚ್ಚು ಬಂತು. ಅಷ್ಟು ಕೊಟ್ಟ ಕಂಪನಿಗಳು ನೆಟ್ಟನ್ನು ಅಗ್ಗಕ್ಕೆ ಮಾರಲಿಲ್ಲ, ಹಳ್ಳಿಗೆ ಓಡಿ ಬರಲೂ ಇಲ್ಲ. 2012ರಲ್ಲಿ ಬೆಂಗಳೂರಿಗೆ 4ಜಿ ಬಂದಾಗ ನಮ್ಮ ಎಷ್ಟೋ ಊರುಗಳಲ್ಲಿ ಮಾತಾಡಲಿಕ್ಕೇ ಮಾಳಿಗೆ ಹತ್ತಬೇಕಿತ್ತು. ಟ್ರಾಯ್ ಲೆಕ್ಕದಂತೆ 2014ರಲ್ಲಿ ಒಂದು ಜಿಬಿಗೆ ಗ್ರಾಹಕರಿಂದ ಕಂಪನಿಗಳಿಗೆ ಬರುತ್ತಿದ್ದ ಹಣ ಸರಾಸರಿ 269 ರೂಪಾಯಿ. ನೆಟ್ ಬಳಸುವವರು ತಿಂಗಳಿಗೆ ಸುಡುತ್ತಿದ್ದದ್ದು ಕಾಲು ಜಿಬಿಗಿಂತ ಸ್ವಲ್ಪ ಹೆಚ್ಚು ಮಾತ್ರ.

ಇದರ ನಡುವೆ ಒಂದು ಜಗಳ ನಡೆಯಿತು. ಹಳ್ಳಿಯಲ್ಲಿ ಅದು ಅಷ್ಟು ಸುದ್ದಿಯಾಗಲಿಲ್ಲ, ಆದರೆ ನಮ್ಮದೇ ಹೆಸರಿನಲ್ಲಿ ನಡೆದಿತ್ತು. ಬಡವರಿಗೆ ಪುಕ್ಕಟೆ ಇಂಟರ್ನೆಟ್ ಕೊಡುತ್ತೇವೆ ಅಂತ ಫೇಸ್‌ಬುಕ್ ಕಂಪನಿ 2015ರಲ್ಲಿ ಇಲ್ಲಿಗೆ ಬಂತು. ಅದಕ್ಕೆ ಆಮೇಲೆ ಇಟ್ಟ ಹೆಸರು ಫ್ರೀ ಬೇಸಿಕ್ಸ್. ಆದರೆ ಸಿಗುತ್ತಿದ್ದದ್ದು ಇಡೀ ಇಂಟರ್ನೆಟ್ ಅಲ್ಲ, ಅವರು ಒಪ್ಪಿದ ಕೆಲವು ಪುಟಗಳು. ಸಂತೆಗೆ ಉಚಿತ ಬಸ್ ಬಿಟ್ಟು, ನಾವು ಹೇಳಿದ ನಾಲ್ಕು ಅಂಗಡಿಯ ಮುಂದೆ ಮಾತ್ರ ಇಳಿಸುತ್ತೇವೆ ಅಂದ ಹಾಗೆ. ಲಕ್ಷಗಟ್ಟಲೆ ಜನ ಟ್ರಾಯ್‌ಗೆ ಪತ್ರ ಬರೆದರು. 2016ರ ಫೆಬ್ರುವರಿ 8ರಂದು ಟ್ರಾಯ್, ಯಾವ ವೆಬ್‌ಸೈಟಿಗೆ ಹೋಗುತ್ತೀರಿ ಅನ್ನುವುದನ್ನು ನೋಡಿ ಬೇರೆ ಬೇರೆ ದರ ಹಾಕುವಂತಿಲ್ಲ ಅಂದಿತು. ಬರೀ ವಾಟ್ಸ್‌ಆಪ್, ಬರೀ ಫೇಸ್‌ಬುಕ್ ಅಂತ ಮಾರುತ್ತಿದ್ದ ಚಿಕ್ಕ ಪ್ಯಾಕ್‌ಗಳಿಗೂ ಅಲ್ಲಿಗೆ ಬಾಗಿಲು ಮುಚ್ಚಿತು. ಆ ಪ್ಯಾಕ್‌ಗಳನ್ನು ನೆನೆದು ಬೇಸರಪಡುವವರು ಇದ್ದಾರೆ. ನನಗೆ ಟ್ರಾಯ್ ಮಾಡಿದ್ದೇ ಸರಿ ಅನಿಸುತ್ತದೆ. ಮಾರುಕಟ್ಟೆ ದರ ನೋಡಲು, ಪಹಣಿ ತೆಗೆಯಲು, ಮಕ್ಕಳ ಫಲಿತಾಂಶ ನೋಡಲು ಬೇರೆ ಕಂಪನಿಯ ಒಪ್ಪಿಗೆ ಬೇಕಾಗಬಾರದು.

ಅದೇ ವರ್ಷ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಕರೆ ಉಚಿತ, ನೆಟ್ಟೂ ಮೊದಲು ಡಿಸೆಂಬರ್‌ವರೆಗೆ, ಆಮೇಲೆ 2017ರ ಮಾರ್ಚ್ 31ರವರೆಗೆ ಉಚಿತ. ಆಧಾರ್ ಕಾರ್ಡ್ ಹಿಡಿದು ಸಾಲು ನಿಂತದ್ದು ಎಲ್ಲರಿಗೂ ನೆನಪಿದೆ. ಆದರೆ ಇದರಲ್ಲಿ ಒಂದು ತಾಂತ್ರಿಕ ಸೂಕ್ಷ್ಮವಿತ್ತು. ಜಿಯೋದಲ್ಲಿ ಮಾತೂ ಡೇಟಾದ ಮೇಲೆಯೇ ಹೋಗುತ್ತದೆ, 2ಜಿ ಇಲ್ಲವೇ ಇಲ್ಲ. ಹಾಗಾಗಿ ಹಳೇ ಕೀಪ್ಯಾಡ್ ಸೆಟ್ಟಿಗೆ ಆ ಸಿಮ್ ಉಪಯೋಗವಿಲ್ಲ. ಉಚಿತ ಮಾತು ಬೇಕಾದರೆ 4ಜಿ ಫೋನ್ ಕೊಳ್ಳಲೇಬೇಕು. 1,500 ರೂಪಾಯಿ ಠೇವಣಿಯ ಜಿಯೋಫೋನ್ ಮುಂದಿನ ವರ್ಷ ಬಂದದ್ದು ಈ ಕಾರಣಕ್ಕೆ.

ಪುಕ್ಕಟೆ ಮುಗಿದ ಮೇಲೆ ಬಂದ ಪ್ಲಾನ್‌ಗಳೇ ಇಂದಿನ ನಮ್ಮ ಪಟ್ಟಿಯ ತಾಯಿಬೇರು. 303 ರೂಪಾಯಿಗೆ 28 ದಿನ, ದಿನಕ್ಕೆ ಒಂದು ಜಿಬಿ. ಕೆಲವೇ ದಿನಗಳಲ್ಲಿ 309 ರೂಪಾಯಿಗೆ 84 ದಿನ. 28 ದಿನದ ನೆಟ್ ಪ್ಯಾಕ್ ಅದಕ್ಕೂ ಮೊದಲೇ ಇತ್ತು. ಆದರೆ ಮಾತು, ಮೆಸೇಜು, ನೆಟ್ಟು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ನೆಟ್ಟನ್ನು ದಿನದ ರೇಷನ್ ಮಾಡಿ, ಉಳಿದದ್ದು ಮಧ್ಯರಾತ್ರಿಗೆ ರದ್ದು ಅನ್ನುವ ಪದ್ಧತಿ ನೆಲೆ ನಿಂತದ್ದು ಆಗ. ಉಳಿದ ಕಂಪನಿಗಳೂ ಇದನ್ನೇ ಹಿಡಿದವು. 2018ಕ್ಕೆ ಜಿಬಿಗೆ ಸರಾಸರಿ 11 ರೂಪಾಯಿ 78 ಪೈಸೆಗೆ ಇಳಿಯಿತು, ತಿಂಗಳ ಬಳಕೆ ಏಳೂವರೆ ಜಿಬಿ ದಾಟಿತು.

ಈ ಪೈಪೋಟಿಯಲ್ಲಿ ಕಂಪನಿಗಳು ಒಂದೊಂದಾಗಿ ಮುಳುಗಿದವು. ಒಂದು ಕಾಲಕ್ಕೆ ಕರ್ನಾಟಕದಲ್ಲೇ ಹತ್ತರ ಹತ್ತಿರ ಕಂಪನಿಗಳಿದ್ದವು. ರಿಲಯನ್ಸ್ ಕಮ್ಯುನಿಕೇಶನ್ಸ್, ಏರ್‌ಸೆಲ್, ಟೆಲಿನಾರ್, ಡೊಕೊಮೊ ಹೋದವು. ವೊಡಾಫೋನ್, ಐಡಿಯಾ 2018ರ ಆಗಸ್ಟ್‌ನಲ್ಲಿ ಒಂದಾದವು. ಉಳಿದದ್ದು ಮೂರು ಖಾಸಗಿ ಕಂಪನಿ, ಜೊತೆಗೆ ಬಿಎಸ್‌ಎನ್‌ಎಲ್.

'ಲೈಫ್‌ಟೈಮ್' ಸತ್ತದ್ದು ಆ ವರ್ಷದ ಕೊನೆಗೆ. ಇದಕ್ಕೆ ಯಾರೂ ತಿಥಿ ಮಾಡಲಿಲ್ಲ. ಕನಿಷ್ಠ 35 ರೂಪಾಯಿ ಹಾಕಿಸಿ, ಅದೂ 28 ದಿನಕ್ಕೆ, ಇಲ್ಲದಿದ್ದರೆ ಹೊರಹೋಗುವ ಕರೆ, ಆಮೇಲೆ ಬರುವ ಕರೆಯೂ ಬಂದ್ ಅನ್ನುವ ಮೆಸೇಜು ಬಂತು. ಖಾತೆಯಲ್ಲಿ ಕರೆನ್ಸಿ ಇದ್ದವರಿಗೂ ಬಂತು. 2003ರಲ್ಲಿ ಸಿಕ್ಕಿದ್ದ ಉಚಿತ ಇನ್‌ಕಮಿಂಗ್ ಹೀಗೆ ಹಿಂಬಾಗಿಲಿನಿಂದ ಹೊರಗೆ ಹೋಯಿತು. ಆ 35ರ ಮುಂದಿನ ನಡಿಗೆ ನೋಡಿ. ಏರ್‌ಟೆಲ್‌ನಲ್ಲಿ ಅದು 2019ರ ಕೊನೆಗೆ 45, 2021ರ ಜುಲೈಗೆ 79, ಅದೇ ನವೆಂಬರ್‌ಗೆ 99, 2023ರಲ್ಲಿ 155, 2024ರ ಜುಲೈಗೆ 199. ನೆಟ್ ಅಗ್ಗವಾಯಿತು ಅಂತ ಎಲ್ಲರೂ ಹೇಳುವ ಅದೇ ವರ್ಷಗಳಲ್ಲಿ, ಒಂದು ನಂಬರನ್ನು ಜೀವಂತ ಇಡುವ ಖರ್ಚು ಐದು ಪಟ್ಟು ದಾಟಿತು.

ಅಗ್ಗ ಅನ್ನುವ ಮಾತನ್ನು ಇಲ್ಲಿ ಬಿಡಿಸಿ ನೋಡಬೇಕು. 2024ರ ಜುಲೈಯಲ್ಲಿ ಜಿಯೋದ ಒಂದೂವರೆ ಜಿಬಿ, 28 ದಿನದ ಪ್ಲಾನ್ 239ರಿಂದ 299ಕ್ಕೆ ಏರಿತು. 28 ದಿನಕ್ಕೆ ಒಟ್ಟು 42 ಜಿಬಿ. ಪೂರ್ತಿ ಸುಟ್ಟವರಿಗೆ ಜಿಬಿಗೆ 7 ರೂಪಾಯಿ ಚಿಲ್ಲರೆ. ಆದರೆ ಮೊದಲ ಸಲ ಫೋನ್ ಹಿಡಿದ ತಾಯಿಯೊಬ್ಬರು ಮಗನ ಜೊತೆ ವಾರಕ್ಕೊಮ್ಮೆ ವಿಡಿಯೋ ಕಾಲ್, ನಾಲ್ಕು ಫೋಟೋ, ಸಂಜೆ ಒಂದು ಹಾಡು ಅಂತ 3 ಜಿಬಿ ಬಳಸಿದರೆ ಅವರಿಗೆ ಜಿಬಿಗೆ ಬೀಳುವುದು ಸುಮಾರು 100 ರೂಪಾಯಿ. ಕಡಿಮೆ ಬಳಸುವವರು ಹೆಚ್ಚು ಬಳಸುವವರ ಪಾಲನ್ನೂ ಕಟ್ಟುವ ವ್ಯವಸ್ಥೆ ಇದು. ಎರಡು ಸಾವಿರ ರೂಪಾಯಿ ಗೃಹಲಕ್ಷ್ಮಿ ಹಣದಲ್ಲಿ ಮನೆ ತೂಗಿಸುವವರಿಗೆ 299 ಸಣ್ಣ ಮೊತ್ತವಲ್ಲ.

ಬೇಡ ಅಂತ ಬಿಡುವ ಹಾಗೂ ಇಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಬೆಳೆ ಸಮೀಕ್ಷೆಯನ್ನು ರೈತರೇ ಆ್ಯಪ್‌ನಲ್ಲಿ ಮಾಡಬಹುದು ಅಂದರು. 2023ರ ಜನವರಿಯಿಂದ ನರೇಗಾ ಹಾಜರಿ ಆ್ಯಪ್‌ನಲ್ಲೇ ಆಗಬೇಕು ಅಂತ ಕಡ್ಡಾಯವಾಯಿತು. ಬ್ಯಾಂಕಿನ ಒಟಿಪಿ ಬರುವುದೂ ಅದೇ ನಂಬರಿಗೆ.

28 ದಿನಕ್ಕೆ ಬರೋಣ. 28 ಅಂದರೆ ನಾಲ್ಕು ವಾರ. ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸಬೇಕು. 299ರ ಲೆಕ್ಕದಲ್ಲಿ 3,588 ಆಗುವುದು 3,887 ಆಗುತ್ತದೆ. 84 ದಿನದ್ದನ್ನು ಮೂರು ತಿಂಗಳದ್ದು ಅನ್ನುತ್ತಾರೆ, ನಾಲ್ಕು ಸಲ ಹಾಕಿಸಿದರೆ 336 ದಿನ, ಇನ್ನೂ 29 ದಿನ ಬಾಕಿ. ಗ್ರಾಹಕರ ದೂರು ಹೆಚ್ಚಿ, 2022ರ ಜನವರಿ 27ರಂದು ಟ್ರಾಯ್ ಆದೇಶ ಹೊರಡಿಸಿತು: ಪ್ರತಿ ಕಂಪನಿಯೂ 30 ದಿನದ ಪ್ಲಾನನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ಹಾಕಿಸಬಹುದಾದ ಪ್ಲಾನನ್ನೂ ಇಡಲೇಬೇಕು. 2024ರ ಡಿಸೆಂಬರ್‌ನಲ್ಲಿ ಇನ್ನೊಂದು ನಿಯಮ ಬಂತು: ನೆಟ್ ಇಲ್ಲದ, ಬರೀ ಮಾತು ಮತ್ತು ಮೆಸೇಜಿನ ಪ್ಲಾನ್ ಕೂಡ ಇರಬೇಕು. ಅದರ ವ್ಯಾಲಿಡಿಟಿ 365 ದಿನದವರೆಗೂ ಇರಬಹುದು. 2025ರ ಜನವರಿಯಲ್ಲಿ ಕಂಪನಿಗಳು ಅಂಥವನ್ನು ತಂದವು. ಮನೆಯಲ್ಲಿ ಅಜ್ಜನ ಕೀಪ್ಯಾಡ್ ಸೆಟ್ಟಿಗೂ ನೆಟ್ ಪ್ಯಾಕ್ ಹಾಕಿಸುತ್ತಿದ್ದರೆ ಈ ನಿಯಮ ನಿಮಗಾಗಿಯೇ ಇದೆ.

ಈ ಪ್ಲಾನ್‌ಗಳು ಇವೆ, ಆದರೆ ಅಂಗಡಿಯವರ ಬಾಯಿಂದ ಮೊದಲು ಬರುವುದಿಲ್ಲ. "30 ದಿನದ್ದು ಯಾವುದಿದೆ?", "ದಿನದ ಲೆಕ್ಕ ಬೇಡ, ಒಟ್ಟಿಗೆ ಇಷ್ಟು ಜಿಬಿ ಅನ್ನುವುದು ಯಾವುದಿದೆ?", "ನೆಟ್ ಇಲ್ಲದ್ದು ಎಷ್ಟಕ್ಕಿದೆ?" ಅಂತ ನಾವೇ ಕೇಳಬೇಕು. ಅದಕ್ಕೂ ಮೊದಲು, ಮನೆ ಮತ್ತು ಹೊಲ ಎರಡೂ ಕಡೆ ಯಾರ ಟವರ್ ಸಿಗುತ್ತದೆ ಅಂತ ಪಕ್ಕದ ಮನೆಯವರ ಫೋನಿನಲ್ಲೇ ನೋಡಿಕೊಳ್ಳಿ. ಸಿಗ್ನಲ್ಲೇ ಇಲ್ಲದ ಕಂಪನಿಯ ಅಗ್ಗದ ಪ್ಲಾನ್ ಎಲ್ಲಕ್ಕಿಂತ ದುಬಾರಿ.

ಕಂಪನಿ ಬದಲಿಸುವ ಹಕ್ಕು 2011ರ ಜನವರಿ 20ರಿಂದ ದೇಶದ ಎಲ್ಲರಿಗೂ ಇದೆ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜು ಕಳಿಸಿದರೆ ಕೋಡ್ ಬರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಕಡಿಮೆ ಬೆಲೆಯ ಪ್ಲಾನಿನಲ್ಲಿ ಮೆಸೇಜೇ ಇಲ್ಲ, ಪೋರ್ಟ್ ಆಗುವುದಿಲ್ಲ ಅನ್ನುವ ನೆಪ ಹೇಳುವಂತಿಲ್ಲ. ಎಷ್ಟರ ರೀಚಾರ್ಜ್ ಹಾಕಿಸಿದ್ದರೂ 1900ರ ಮೆಸೇಜು ಹೋಗಲೇಬೇಕು ಅಂತ 2021ರ ಡಿಸೆಂಬರ್‌ನಲ್ಲೇ ಟ್ರಾಯ್ ಕಂಪನಿಗಳಿಗೆ ತಾಕೀತು ಮಾಡಿದೆ.