ಗಿರಿಯ ಕಾಫಿ ಮತ್ತು ರುಚಿಯ ತೀರ್ಪು

ಬೆಲ್ಜಿಯಂ ದೇಶದ ವೆಸ್ಟ್‌ಮಾಲೆಯಲ್ಲಿರುವ ಟ್ರಾಪಿಸ್ಟ್ ಮಠದ ಸನ್ಯಾಸಿಗಳು 1836ರಲ್ಲಿ ತಮ್ಮ ಊಟದ ಪಂಕ್ತಿಗೆ ಬೇಕಾದ ಬಿಯರನ್ನು ತಾವೇ ತಯಾರಿಸತೊಡಗಿದರು. ಅಂಥ ಮಠಗಳ ಪರಂಪರೆಯಿಂದ ಬೆಳೆದುಬಂದ, ಮದ್ಯಾಂಶ ನೂರಕ್ಕೆ ಏಳನ್ನು ಮುಟ್ಟುವ ಕಡುಕಂದು ಬಣ್ಣದ ಏಲ್ ಇಂದು ಪರೀಕ್ಷಕರ ಮುಂದೆ ಬಂದಾಗ, ಅವರು ಮೊದಲು ನೊರೆ ಎಷ್ಟು ಹೊತ್ತು ನಿಲ್ಲುವುದೆಂಬುದನ್ನು ನೋಡಿ, ಬಳಿಕ ಮಾಲ್ಟು ಯೀಸ್ಟುಗಳಿಂದ ಹುಟ್ಟುವ ಒಣದ್ರಾಕ್ಷಿ, ಲವಂಗ, ಬಾಳೆಹಣ್ಣುಗಳ ಪರಿಮಳವನ್ನು ಅರಸಿ, ಸಿಹಿಯೂ ಮದ್ಯದ ಕಾವೂ ಒಂದನ್ನೊಂದು ಮೀರದಂತಿವೆಯೇ ಎಂದು ನಾಲಗೆಯ ಮೇಲೆ ತೂಗಿ ಅಂಕವಿಡುತ್ತಾರೆ. ಈ ವಿಧಿಗಳೆಲ್ಲ ಈಚಿನವು; ಅವು ಹುಟ್ಟುವುದಕ್ಕೆ ಬಹಳ ಮೊದಲೇ, ಮಾಡಿದವರೇ ಪಂಕ್ತಿಯಲ್ಲಿ ಕುಳಿತು ಕುಡಿದು ಹದವನ್ನರಿತ ಪಾನೀಯ ಅದು. ಚಿಕ್ಕಮಗಳೂರಿನ ಗಿರಿಶ್ರೇಣಿಗೂ ಒಂದು ಪಾನೀಯವನ್ನು ವಿರಕ್ತನೊಬ್ಬನೇ ತಂದನೆಂಬ ಪ್ರತೀತಿಯಿದೆ. ಆದರೆ ಅದರ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ಈ ಬೆಟ್ಟಗಳ ಜನರ ನಾಲಗೆಗೆ ದಕ್ಕಲು, ತೋಟಗಳು ಎದ್ದ ಮೇಲೆ ಒಂದೂವರೆ ಶತಮಾನವೇ ಕಳೆಯಬೇಕಾಯಿತು.

ಯೆಮೆನ್ ದೇಶದ ಸೂಫಿಗಳು ಹದಿನೈದನೆಯ ಶತಮಾನದಲ್ಲಿ ರಾತ್ರಿಯ ನಾಮಸ್ಮರಣೆಗೆ ಎಚ್ಚರವಾಗಿರಲೆಂದು ಕಾಫಿ ಕುಡಿಯುತ್ತಿದ್ದರೆಂಬುದು ಇತಿಹಾಸ. ಸೂಫಿ ಸಂತ ಬಾಬಾ ಬುಡನ್ ಹದಿನೇಳನೆಯ ಶತಮಾನದಲ್ಲಿ ಯಾತ್ರೆಯಿಂದ ಮರಳುವಾಗ ಮೋಕಾ ಬಂದರಿನಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಮೇಲೆ ಬಿತ್ತಿದರೆಂಬುದು ಐತಿಹ್ಯ. ಹಿತ್ತಿಲ ಗಿಡವಾಗಿದ್ದ ಕಾಫಿ ವಿಸ್ತಾರವಾದ ತೋಟದ ಬೆಳೆಯಾದದ್ದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಥಾಮಸ್ ಕ್ಯಾನನ್ ಮೊದಲಾದ ಐರೋಪ್ಯರು ಗಿರಿಯ ದಕ್ಷಿಣದ ಕಾಡುಗಳಿಗೆ ಕೈಯಿಟ್ಟ ಮೇಲೆ. ತೋಟಗಳು ಮೂಡಿಗೆರೆ, ಕಳಸ, ಕೊಪ್ಪ, ಮಂಜರಾಬಾದುಗಳ ಕಡೆಗೆ ಹಬ್ಬಿದಂತೆ ಕಾಫಿಯ ಮೂಟೆಗಳು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಮಂಗಳೂರನ್ನು ಸೇರಿ, ಅಲ್ಲಿಯ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಸಿಪ್ಪೆ ಕಳಚಿ, ಹೆಂಗಸರ ಕೈಯಲ್ಲಿ ಆರಿಸಲ್ಪಟ್ಟು, ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿದ್ದವು. ಶ್ರೇಷ್ಠವಾದುದೆಲ್ಲ ಹೀಗೆ ಹೊರಟುಹೋದ ಮೇಲೆ ಮಲೆನಾಡಿನ ಮನೆಗಳಲ್ಲಿ ಬೆಲ್ಲ ಹಾಕಿ ಕುದಿಸಿದ ಕಾಫಿಗೆ ಒದಗುತ್ತಿದ್ದುದು ನೆಲಕ್ಕುದುರಿದ ಬೀಜ, ಒಡಕು ಬೀಜ, ಕರಿ ಬೀಜ. ಬೆಳೆದವರು ತಮ್ಮ ಬೆಳೆಯ ನಿಜವಾದ ರುಚಿಯನ್ನೇ ಕಾಣದೆ ತಲೆಮಾರುಗಳನ್ನು ಕಳೆದರೆಂಬುದು ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ದುಃಖದ ಸಂಗತಿ.

ಲಂಡನ್ನಿನ ದಲ್ಲಾಳಿಗಳಾದರೂ ಬಹುಕಾಲ ಕಣ್ಣಿನಿಂದಲೇ ತೀರ್ಪು ಕೊಡುತ್ತಿದ್ದರು: ಬೀಜದ ಗಾತ್ರ, ನೀಲಿ ಬೆರೆತ ಹಸಿರು ಬಣ್ಣ, ಏಕರೂಪತೆ. ಹುರಿದು, ಪುಡಿಮಾಡಿ, ಬಟ್ಟಲಿನಲ್ಲಿ ಕುಡಿದು ನೋಡುವ ಪದ್ಧತಿ ವ್ಯಾಪಾರದಲ್ಲಿ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ ನಗರದ ಕ್ಲಾರೆನ್ಸ್ ಬಿಕ್‌ಫರ್ಡ್ ಎಂಬ ವರ್ತಕನ ಪ್ರಯತ್ನದಿಂದ. ಕಣ್ಣಿನ ತೀರ್ಪಿಗೆ ನಮ್ಮ ಸೀಮೆ ಎಷ್ಟು ಅಧೀನವಾಗಿತ್ತೆಂಬುದು ಮಂಜರಾಬಾದಿನ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿಯುತ್ತದೆ. ಚಿಕ್ಕಮಗಳೂರಿನ ಹೆಸರನ್ನೇ ಹೊತ್ತು ‘ಚಿಕ್’ ಎನಿಸಿಕೊಂಡಿದ್ದ ಮೂಲ ತಳಿಯು 1860ರ ದಶಕದ ಉತ್ತರಾರ್ಧದಿಂದ ಕಾಂಡಕೊರಕ ಹುಳುವಿಗೆ ಬಲಿಯಾಗತೊಡಗಿದಾಗ ಬೆಳೆಗಾರರು ಕೊಡಗಿನಿಂದ ಬೀಜ ತರಿಸಿ ನೆಟ್ಟರು. ಹೊಸ ಗಿಡಗಳ ಮೊದಲ ಫಸಲಿನ ಮಾದರಿಯನ್ನು ಕಂಡು ದಲ್ಲಾಳಿಗಳು ಹಳೆಯ ಮೈಸೂರು ಕಾಫಿಯ ಲಕ್ಷಣ ಇದಕ್ಕಿಲ್ಲವೆಂದು ಮುಖ ತಿರುಗಿಸಿದರು. ಗಿಡಗಳು ಬಲಿತಂತೆ ವರ್ಷದಿಂದ ವರ್ಷಕ್ಕೆ ಬೀಜವು ಪುರಾತನ ಚಿಕ್ ತಳಿಯನ್ನೇ ಹೋಲತೊಡಗಿದ ಮೇಲೆ ಅವರ ಮನಸ್ಸೂ ತಿಳಿಯಾಯಿತು. ಈ ಮಣ್ಣು, ಈ ನೆರಳು, ಈ ಎತ್ತರಗಳು ಪರಸ್ಥಳದ ಬೀಜವನ್ನು ತಮ್ಮದಾಗಿಸಿಕೊಂಡ ಆ ಸಂಗತಿ, ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚಿನದೆಂದು ನನಗೆ ತೋರುತ್ತದೆ.

ದೂರದ ನಾಲಗೆ ಇಲ್ಲಿಯ ಕಾಫಿಯನ್ನು ಹೇಗೆ ರೂಪಿಸಿತೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. ಹಾಯಿಹಡಗುಗಳು ಆಫ್ರಿಕದ ತುದಿಯನ್ನು ಬಳಸಿಕೊಂಡು ಯುರೋಪು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಸಮುದ್ರದ ತೇವವನ್ನು ಹೀರಿ ಬೀಜ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಹುಳಿಯನ್ನು ಕಳೆದುಕೊಳ್ಳುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು ಪ್ರಯಾಣ ಮೊಟಕಾದಾಗ ಆ ರುಚಿಗೆ ಒಗ್ಗಿದ್ದ ಉತ್ತರ ಯುರೋಪಿನ ಗಿರಾಕಿಗಳು ಹಳೆಯದನ್ನೇ ಬೇಡಿದರು. ಕರಾವಳಿಯ ವರ್ತಕರು ನಾಲ್ಕೂ ಕಡೆ ಗಾಳಿಯಾಡುವ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿಯನ್ನು ಹರಡಿ, ಮಗುಚಿ, ಮುಂಗಾರಿನ ಗಾಳಿಯುಣಿಸಿ ಅದನ್ನು ಒದಗಿಸಿದರು. ಇಂದಿಗೂ ಮಾನ್‌ಸೂನ್ಡ್ ಮಲಬಾರ್ ಎಂಬ ಹೆಸರಿನಲ್ಲಿ ಅದು ಮಾರಾಟವಾಗುತ್ತದೆ.

ಎಲೆತುಕ್ಕು ರೋಗದ ಹಾವಳಿಯೊಡನೆ ಕಾಫಿಯ ಕಥೆ ಗಿರಿಗೆ ಮರಳಿತು. ಕೆಂಟ್ ಎಂಬ ಪ್ಲಾಂಟರ್ 1911ರಲ್ಲಿ ತನ್ನ ತೋಟದಲ್ಲಿ ರೋಗಕ್ಕೆ ಬಗ್ಗದ ಗಿಡವನ್ನು ಗುರುತಿಸಿ ಬೆಳೆಸಿದ. ಅವನ ಹೆಸರಿನ ಆ ತಳಿಯ ಕಾಫಿ ರುಚಿಯಲ್ಲಿಯೂ ಕೀರ್ತಿ ಪಡೆಯಿತು. ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪಿಸಿದ ಕಾಫಿ ಸಂಶೋಧನ ಕೇಂದ್ರದಲ್ಲಿ, ರೋಗನಿರೋಧಕವಾದರೂ ಬೀಜದಲ್ಲಿ ದೋಷವಿದ್ದ ಎಸ್. 288 ತಳಿಯನ್ನು ಕೆಂಟ್ಸ್ ತಳಿಯೊಡನೆ ಸಂಕರಗೊಳಿಸಿ ಪಡೆದ ಎಸ್. 795 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು. ಮೃದುವೂ ಸಮತೋಲವೂ ಆದ, ಮೋಕಾದ ನೆನಪು ತರುವ ಅದರ ಕಾಫಿಯೇ ಇಂದು ಬಹುಮಂದಿ ಅರಾಬಿಕ ಜಾತಿಯ ಕಾಫಿಯೆಂದರೆ ಹೀಗೆ ಎಂದು ತಿಳಿದುಕೊಂಡಿರುವ ರುಚಿ.

ಆದರೆ ತಳಿಯಿಂದ ಅರ್ಧ ಕಾರ್ಯವಷ್ಟೆ. ಉಳಿದರ್ಧ ತೊಟ್ಟಿಯಲ್ಲಿ ನಡೆಯುತ್ತದೆ. ಬೆಳಗ್ಗೆಯಿಂದ ಕೊಯ್ದ ಕೆಂಪು ಹಣ್ಣನ್ನು ಅದೇ ಸಂಜೆ ಪಲ್ಪರಿಗೆ ಕೊಟ್ಟು ಸಿಪ್ಪೆ ತೆಗೆದರೆ ಬೀಜಕ್ಕೆ ಲೋಳೆ ಅಂಟಿಕೊಂಡೇ ಇರುತ್ತದೆ. ಏಲ್ ತಯಾರಿಸುವವನಂತೆ ಇಲ್ಲಿಯೂ ಕಣ್ಣಿಗೆ ಕಾಣದ ಜೀವಿಗಳನ್ನು ನಂಬಿ ರಾಶಿಯನ್ನು ಹುಳಿಯಲು ಬಿಡಬೇಕು. ಅರಾಬಿಕಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ. ಗಿರಿಯ ಮೇಲಿನ ಚಳಿಗೆ ಇನ್ನೂ ತಡ. ಗಡಿಯಾರ ಇಲ್ಲಿ ಅರ್ಧ ಸಾಕ್ಷಿ ಮಾತ್ರ. ಮೇಸ್ತ್ರಿ ತೊಟ್ಟಿಗೆ ಬಗ್ಗಿ ಒಂದು ಹಿಡಿ ಬೀಜವನ್ನು ನೀರಿನಲ್ಲಿ ಅದ್ದಿ ಮುಷ್ಟಿಯಲ್ಲಿ ಹಿಸುಕುತ್ತಾನೆ: ಜಾರಿದರೆ ಇನ್ನೂ ಕಾಯಬೇಕು, ಹೊಳೆಯ ಸಣ್ಣ ಜಲ್ಲಿಯಂತೆ ಕರಕರನೆ ಒರಟಾಗಿ ಸದ್ದು ಮಾಡಿದರೆ ಲೋಳೆ ಬಿಟ್ಟಿತೆಂದು ಅರ್ಥ. ರಾಶಿಯೊಳಕ್ಕೆ ಕೋಲು ಚುಚ್ಚಿ ತೆಗೆದಾಗ ತೂತು ಮುಚ್ಚಿಕೊಳ್ಳದೆ ನಿಂತರೆ ಅದೂ ಅದೇ ಮಾತನ್ನು ಹೇಳುತ್ತದೆ. ಒಂದು ರಾತ್ರಿ ಮೈಮರೆತು ಹುಳಿ ಮೀರಿತೋ, ಹಿಂದಿನ ದಿನದ ಬೀಜ ತೊಟ್ಟಿಯ ಮೂಲೆಯಲ್ಲಿ ಸಿಕ್ಕಿಕೊಂಡಿತೋ, ಹೊರಗೆ ನೋಡಲು ನಿರ್ದೋಷಿಯಾದ ಆ ಬೀಜ ಹುರಿದು ಕುದಿನೀರು ಬಿದ್ದೊಡನೆ ದುರ್ಗಂಧವಾಗಿ ಇಡೀ ಬಟ್ಟಲನ್ನು ಕೆಡಿಸುತ್ತದೆ. ಈ ದೋಷವನ್ನು ಕಣ್ಣು ಕಾಣಲಾರದು, ಮೂಗು ನಾಲಗೆಗಳೇ ಹಿಡಿಯಬೇಕು. ತೊಟ್ಟಿಯ ಬಳಿಯ ಆ ಕೈಯೇ ನಮ್ಮ ಸೀಮೆಯ ಮೊದಲ ರುಚಿಪರೀಕ್ಷಕನೆಂದು ನಾನು ಎಣಿಸುತ್ತೇನೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಿದ್ದು 1942ರ ಕಾಫಿ ಕಾಯಿದೆ ಮತ್ತು ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅದೇ ವ್ಯವಸ್ಥೆಯಲ್ಲಿ ಎಲ್ಲ ತೋಟಗಳ ಕಾಫಿಯೂ ಒಂದೇ ರಾಶಿಗೆ ಬಿದ್ದು, ದರ್ಜೆಗೆ ತಕ್ಕ ಪಾಯಿಂಟುಗಳ ಲೆಕ್ಕದಲ್ಲಿ ಹಣ ಕಂತುಕಂತಾಗಿ ಬರುತ್ತಿದ್ದುದರಿಂದ, ತೊಟ್ಟಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವನ ಕಾಫಿಗೂ ಕಾಯದವನ ಕಾಫಿಗೂ ಬಟ್ಟಲಿನಲ್ಲಿದ್ದ ಅಂತರ ಹಣದಲ್ಲಿ ಕಾಣುತ್ತಿರಲಿಲ್ಲ. ತೋಟದ ಹೆಸರು ಅಳಿಸಿಹೋಯಿತು. ಈ ವ್ಯವಸ್ಥೆಯ ಸಡಿಲಿಕೆ ಆರಂಭವಾದದ್ದು 1992ರಲ್ಲಿ, ಪೂರ್ಣವಾದದ್ದು 1996ರಲ್ಲಿ.

ಆ ಬಳಿಕವೇ ಬೆಳೆಗಾರ ಬಟ್ಟಲಿನ ಮುಂದೆ ಕುಳಿತದ್ದು. ಮಂಡಳಿಯಲ್ಲಿ ಬಹುಕಾಲ ರುಚಿಪರೀಕ್ಷೆಯ ಹೊಣೆ ಹೊತ್ತಿದ್ದ ಸುನಾಲಿನಿ ಮೆನನ್ ಬೆಂಗಳೂರಿನಲ್ಲಿ ಸ್ವತಂತ್ರ ಪರೀಕ್ಷಾಲಯ ತೆರೆದದ್ದೂ ಈ ಕಾಲದಲ್ಲಿಯೇ. ಪರೀಕ್ಷೆಯ ವಿಧಾನ ಇದು: ಹದವಾಗಿ ಹುರಿದ ಬೀಜದ ತರಿ ಪುಡಿ 8.25 ಗ್ರಾಂ, ಕುದಿ ಇಳಿದ ನೀರು 150 ಮಿಲಿಲೀಟರ್, ನಾಲ್ಕು ನಿಮಿಷದ ಕಾಯುವಿಕೆ. ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದೊಡನೆ ಏಳುವ ಹಬೆಗೆ ಮೂಗೊಡ್ಡಿ, ನೊರೆ ತೆಗೆದು, ಸೊರ್ರೆಂದು ಸಶಬ್ದವಾಗಿ ಹೀರಿ, ಬಾಯಿ ತುಂಬ ಹರಡಿ, ಉಗುಳಿ, ಆರಿದಂತೆ ಮತ್ತೆ ಮತ್ತೆ ನೋಡುವುದು. ಆರಿದ ಕಾಫಿ ಸುಳ್ಳು ಹೇಳದು. ಬಿಸಿಯಲ್ಲಿ ಅಡಗಿದ್ದ ದೋಷ ಆಗ ಹೊರಬೀಳುತ್ತದೆ. ನೂರಕ್ಕೆ 80 ಅಂಕ ಮುಟ್ಟಿದರೆ ವಿಶೇಷ ಕಾಫಿ. ಬಾಳೆಹೊನ್ನೂರಿನದೇ ಆದ ಒಂಬತ್ತನೆಯ ಆಯ್ಕೆಯ ತಳಿ 2002ರ ಕಾಫಿ ರುಚಿಯ ಸ್ಪರ್ಧೆಯಲ್ಲಿ ಅರಾಬಿಕದ ಶ್ರೇಷ್ಠ ಬಟ್ಟಲೆನಿಸಿತು. 2019ರಲ್ಲಿ ಬಾಬಾಬುಡನ್‌ಗಿರಿ ಮತ್ತು ಚಿಕ್ಕಮಗಳೂರು ಅರಾಬಿಕಗಳಿಗೆ ಭೌಗೋಳಿಕ ಸೂಚಕದ ಮುದ್ರೆ ದೊರೆಯಿತು.

ಆ ಮುದ್ರೆ ಊರಿಗೆ ಸಾಕ್ಷಿ. ಯಾವ ಕೊಯ್ಲಿನ, ಯಾವ ತೊಟ್ಟಿಯ ಕಾಫಿ ಚೆನ್ನಾಗಿ ಬಂದಿದೆಯೆಂಬುದನ್ನು ಪ್ರತಿ ವರ್ಷವೂ ಹೊಸದಾಗಿ ಕುಡಿದೇ ತಿಳಿಯಬೇಕು. ತೋಟದ ಮನೆಯಲ್ಲಿಯೇ ಸಣ್ಣ ಹುರಿಯುವ ಯಂತ್ರವನ್ನಿಟ್ಟು, ಆಯಾ ದಿನದ ತೊಟ್ಟಿಯನ್ನು ಬೇರೆ ಬೇರೆಯಾಗಿ ಗುರುತು ಹಾಕಿ ಪರೀಕ್ಷಿಸುವ ಬೆಳೆಗಾರರು ಇಂದು ಇದ್ದಾರೆ. ಅವರು ಆ ಮೇಜಿಗೆ ತಮ್ಮ ಮೇಸ್ತ್ರಿಯನ್ನೂ ಕರೆದು ಕೂರಿಸಿ, ಅವನ ಮುಷ್ಟಿ ಹೇಳಿದ್ದು ಬಟ್ಟಲಿನಲ್ಲಿ ಏನಾಯಿತೆಂಬುದನ್ನು ಅವನ ನಾಲಗೆಗೇ ತೋರಿಸಿಕೊಡಬೇಕೆಂದು ನಾನು ಬಯಸುತ್ತೇನೆ.