ಗಿಮ್ಲಿ

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ, ವಿನ್ನಿಪೆಗ್ ಸರೋವರದ ಪಶ್ಚಿಮ ದಂಡೆಯಲ್ಲಿರುವ ಗ್ರಾಮೀಣ ಪುರಸಭೆ. ವಿನ್ನಿಪೆಗ್ ನಗರಕ್ಕೆ ಉತ್ತರದಲ್ಲಿ ಸುಮಾರು 90 ಕಿ.ಮೀ. ದೂರದಲ್ಲಿದೆ. ವಿಸ್ತೀರ್ಣ ಸುಮಾರು 320 ಚ.ಕಿ.ಮೀ.; ಜನಸಂಖ್ಯೆ 6,569 (2021). ಇದೇ ಹೆಸರಿನ ಪಟ್ಟಣ 2003ರಲ್ಲಿ ಇದರೊಳಗೆ ವಿಲೀನವಾಯಿತು.

ನೆಲ ಬಹುಮಟ್ಟಿಗೆ ಸಮತಟ್ಟು. ಹಿಮಯುಗದ ಕೊನೆಯಲ್ಲಿ ಹರಡಿಕೊಂಡಿದ್ದ ಅಗಾಸಿ ಸರೋವರದ ತಳವೇ ಇಂದಿನ ಹೊಲಗಳು. ನೀರು ಬೇಗ ಬಸಿಯದ್ದರಿಂದ ಕಾಲುವೆ ತೋಡದೆ ಬೇಸಾಯ ಕಷ್ಟ. ಸರೋವರದ ಈ ಭಾಗ ಆಳವಿಲ್ಲದ್ದು; ಉತ್ತರದ ಬಿರುಗಾಳಿಗೆ ನೀರು ಉಕ್ಕಿ ದಂಡೆಯನ್ನು ಕೊರೆಯುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಮೀನುಗಾರರು ಮಂಜುಗಡ್ಡೆಗೆ ಕಿಂಡಿ ಕೊರೆದು ಕೆಳಗೆ ಬಲೆ ಬಿಡುತ್ತಾರೆ.

ಬಡತನ, ಕಡುಚಳಿ ಮತ್ತು ಜ್ವಾಲಾಮುಖಿಯ ಬೂದಿಯಿಂದ ಕಂಗೆಟ್ಟು ಐಸ್‌ಲ್ಯಾಂಡ್ ತೊರೆದವರಿಗಾಗಿ ಕೆನಡಾ ಸರ್ಕಾರ 1875ರಲ್ಲಿ ಈ ದಂಡೆಯ ನೆಲವನ್ನು ಕಾಯ್ದಿರಿಸಿತು. ಅಕ್ಟೋಬರ್ 21ರಂದು ಮೊದಲ ತಂಡ ಚಪ್ಪಟೆ ದೋಣಿಗಳಲ್ಲಿ ವಿಲ್ಲೋ ಪಾಯಿಂಟ್ ಎಂಬಲ್ಲಿ ಇಳಿಯಿತು. ಚಳಿಗಾಲ ಬಾಗಿಲಲ್ಲೇ ಇತ್ತು. ಮಂಜುಗಡ್ಡೆಯಡಿ ಮೀನು ಹಿಡಿಯುವ ವಿದ್ಯೆ ಅವರಿಗೆ ಹೊಸದು. ಆದರೂ ನೆಲೆಗೆ ಅವರಿಟ್ಟ ಹೆಸರು ಗಿಮ್ಲಿ: ನಾರ್ಸ್ ಪುರಾಣದಲ್ಲಿ ಪ್ರಳಯ ಕಳೆದ ಮೇಲೆ ಸಜ್ಜನರು ಸುಖವಾಗಿ ಬಾಳುವ ತಾಣ.

ಆದರೆ ಹಂಚಿಕೊಟ್ಟ ನೆಲ ಖಾಲಿಯಿರಲಿಲ್ಲ. ಕ್ರೀ ಮತ್ತು ಸೋಟೊ ಜನ ಇಲ್ಲಿ ಮೊದಲೇ ಬಾಳುತ್ತಿದ್ದರು. 1876ರಲ್ಲಿ ಹಬ್ಬಿದ ಸಿಡುಬಿಗೆ ಸುಮಾರು ನೂರು ವಲಸಿಗರು ಬಲಿಯಾದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಮೂಲನಿವಾಸಿಗಳ ಗತಿ ಇನ್ನೂ ಘೋರ: ಉತ್ತರದ ಸ್ಯಾಂಡಿ ಬಾರ್‌ನ ಅವರ ನೆಲೆಯೇ ಅಳಿಸಿಹೋಯಿತು. ವಲಸಿಗರಿಗೆ ನೆರವಾಗಿದ್ದ ಅಲ್ಲಿನ ಜಾನ್ ರಾಮ್ಸೆ, ತೀರಿಕೊಂಡ ಪತ್ನಿ ಬೆಟ್ಸಿಯ ಸಮಾಧಿಗೆ ಅಮೃತಶಿಲೆಯ ಕಲ್ಲು ತರಿಸಿ ನಿಲ್ಲಿಸಿದ. ಗಿಮ್ಲಿಯ ಸ್ಥಾಪನೆಯ ಕಥೆಯನ್ನು ಆ ಕಲ್ಲನ್ನು ಬಿಟ್ಟು ಹೇಳಲಾಗದು.

'ಹೊಸ ಐಸ್‌ಲ್ಯಾಂಡ್' ಎನಿಸಿದ ಈ ವಸಾಹತು ಆಗ ಮ್ಯಾನಿಟೋಬಾದ ಗಡಿಯಾಚೆಗಿತ್ತು. ತನ್ನದೇ ಸಂವಿಧಾನ ಬರೆದುಕೊಂಡು, ಐಸ್‌ಲ್ಯಾಂಡಿಕ್ ಭಾಷೆಯಲ್ಲಿ 'ಫ್ರಾಮ್‌ಫಾರಿ' ಪತ್ರಿಕೆಯನ್ನೂ ಹೊರಡಿಸಿತು. ಧಾರ್ಮಿಕ ಒಡಕು ಮತ್ತು 1880ರ ನೆರೆಯಿಂದ ಬಹಳ ಮಂದಿ ಊರು ಬಿಟ್ಟರು. 1881ರಲ್ಲಿ ಪ್ರದೇಶ ಪ್ರಾಂತ್ಯಕ್ಕೆ ಸೇರಿತು. 1897ರಲ್ಲಿ ನೆಲದ ಮೀಸಲು ತೆರವಾದಾಗ ಉಕ್ರೇನಿಯನ್ನರು, ಪೋಲಿಷರು ಬಂದು ಒಳನಾಡಿನ ಕಾಡು ಕಡಿದು ಸಾಗುವಳಿ ಮಾಡಿದರು. 1906ರಲ್ಲಿ ರೈಲು ಬಂದ ಮೇಲೆ ದಂಡೆ ಬೇಸಿಗೆಯ ವಿಹಾರತಾಣವಾಯಿತು.

ಎರಡನೆಯ ಮಹಾಯುದ್ಧದಲ್ಲಿ ಕಟ್ಟಿದ ವಾಯುನೆಲೆ 1971ರಲ್ಲಿ ಮುಚ್ಚಿತು. 1983ರ ಜುಲೈ 23ರಂದು, ಪೌಂಡ್–ಕಿಲೋಗ್ರಾಂ ಲೆಕ್ಕ ತಪ್ಪಿ ನಡುಹಾದಿಯಲ್ಲೇ ಇಂಧನ ಮುಗಿದ ಏರ್ ಕೆನಡಾದ ಬೋಯಿಂಗ್ 767 ವಿಮಾನ ಎಂಜಿನ್ ಬಲವಿಲ್ಲದೆ ತೇಲಿಬಂದು ಇಲ್ಲಿನ ಹಳೆಯ ಓಡುದಾರಿಯಲ್ಲಿ ಇಳಿಯಿತು. ಒಳಗಿದ್ದ 69 ಮಂದಿಯೂ ಬದುಕಿದರು. 1890ರಲ್ಲಿ ವಿನ್ನಿಪೆಗ್‌ನಲ್ಲಿ ಆರಂಭವಾಗಿ 1932ರಲ್ಲಿ ಗಿಮ್ಲಿಗೆ ಬಂದ ಐಸ್‌ಲ್ಯಾಂಡಿಕ್ ಉತ್ಸವ ಇಂದಿಗೂ ಆಗಸ್ಟ್ ತಿಂಗಳ ಆರಂಭದಲ್ಲಿ ನಡೆಯುತ್ತದೆ.